ಪಂಪ್‌ಹೌಸಿನ ಹಿಂದಿನ ಮರ

ಜೆಲ್ಲಕ್ಕ ಮೂರನೆಯ ಸಲ ಎಲೆಯ ಡಿಎನ್‌ಎ ಪರೀಕ್ಷೆ ಓಡಿಸಿದರೂ ಹದಿನೇಳನೆಯ ಮರ ತನ್ನ ಹಟ ಬಿಡಲಿಲ್ಲ. ಪರದೆಯ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗಿನ ಸಣ್ಣ ಪಟ್ಟಿಗಳು ಏಣಿಯ ಮೆಟ್ಟಿಲುಗಳಂತೆ ಹರಡಿಕೊಂಡಿದ್ದವು. ಹದಿನೇಳರ ಎರಡು ಪಟ್ಟಿಗಳು ಎಲ್ಲಿದ್ದವೋ ಪಕ್ಕದ ಸಾಲಿನಲ್ಲಿ ತೊಂಬತ್ತಾರರ ಎರಡು ಪಟ್ಟಿಗಳೂ ಅಲ್ಲೇ, ಕೂದಲೆಳೆಯಷ್ಟೂ ಆಚೀಚೆಯಾಗದೆ, ಒಂದೇ ಬಟ್ಟೆ ಹಾಕಿಸಿ ಫೋಟೋಕ್ಕೆ ನಿಲ್ಲಿಸಿದ ಅವಳಿಮಕ್ಕಳ ಹಾಗೆ ನಿಂತಿದ್ದವು. ಒಂದು ಮಾರ್ಕರಿನಲ್ಲಿ, ಅಂದರೆ ಡಿಎನ್‌ಎಯ ಒಂದು ಗುರುತಿನಲ್ಲಿ, ಹಾಗಾದರೆ ಆಕಸ್ಮಿಕ, ಎರಡರಲ್ಲಾದರೆ ಅನುಮಾನ. ಇಪ್ಪತ್ತನಾಲ್ಕು ಮಾರ್ಕರುಗಳಲ್ಲೂ ಹಾಗೇ ಆದರೆ ಎರಡೂ ಒಂದೇ ಮರ, ಒಂದರ ಕಡ್ಡಿ ಕತ್ತರಿಸಿ ಇನ್ನೊಂದನ್ನು ಮಾಡಿದ್ದು, ಅಷ್ಟೆ. ಇದನ್ನು ಹಣ್ಣಿನ ಸಂಶೋಧನಾ ಕೇಂದ್ರದ ವಿಜ್ಞಾನಿಯಾದ ಅವನು ಹದಿನಾಲ್ಕು ವರ್ಷಗಳಿಂದ ತರಬೇತಿಗೆ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದ. ಬೋರ್ಡಿನ ಮೇಲೆ ಗೆರೆ ಎಳೆದು, “ಎಲೆ ಸುಳ್ಳು ಹೇಳಬಹುದು, ಹಣ್ಣು ಸುಳ್ಳು ಹೇಳಬಹುದು, ಡಿಎನ್‌ಎ ಮಾತ್ರ ಹೇಳೋದಿಲ್ಲ” ಅನ್ನುವ ಮಾತನ್ನು ಪ್ರತಿ ಸಲವೂ ಆಗತಾನೆ ಹೊಳೆದವನಂತೆ ಹೇಳಿ, ಯಾರಾದರೂ ನಗಲಿ ಎಂದು ಒಂದು ಕ್ಷಣ ಕಾಯುತ್ತಿದ್ದ. ಈಗ ಹೊಟ್ಟೆಯನ್ನು ಮೇಜಿನ ಅಂಚಿಗೆ ಒತ್ತಿಕೊಂಡು ಪರದೆಗೆ ಬಗ್ಗಿದವನಿಗೆ, ಆ ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯಾದರೂ ಯಾರಾದರೂ ಎದ್ದು ಬಂದು ತನ್ನ ಬಾಯಿಗೆ ಬಟ್ಟೆ ತುರುಕಬೇಕಿತ್ತು ಅನ್ನಿಸಿತು.

“ತೊಂಬತ್ತಾರು ಯಾವುದು?” ಎಂದು ಕೇಳಿದ. ಕೇಳುವ ಮೊದಲೇ ಗೊತ್ತಿತ್ತು.

“ಪಂಪ್‌ಹೌಸಿನ ಹಿಂದಿನ ಮರ ಸಾರ್. ಕಾಡುಮರ, ತೋಟದ ತಳಿ ಎಲ್ಲಾ ಸೇರಿ ತೊಂಬತ್ತೈದು ಸ್ಯಾಂಪಲ್ ಆಯ್ತು. ತಟ್ಟೆಯಲ್ಲಿ ಇರೋದು ತೊಂಬತ್ತಾರು ಗುಳಿ. ಒಂದು ಖಾಲಿ ಬಿಟ್ರೆ ನನಗೆ ಒಂಥರಾ ಆಗತ್ತೆ, ಮುಂದಿನ ಹಲ್ಲು ಬಿದ್ದ ಹಾಗೆ. ಊಟಕ್ಕೆ ಅಲ್ಲೇ ನೆರಳಲ್ಲಿ ಕೂತಿದ್ನಲ್ಲ, ಕೈಗೆ ಸಿಕ್ಕಿದ ಎಲೆ ಕಿತ್ಕೊಂಡು ಬಂದು ಹಾಕ್ದೆ.”

ಜೆಲ್ಲಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಇಪ್ಪತ್ತಾರು ವರ್ಷಗಳಿಂದ ಅದೇ ಮೂಲೆಯಲ್ಲಿ ಅದೇ ಸ್ಟೂಲಿನ ಮೇಲೆ ಕೂತು, ಎಲೆ ಅರೆದು, ಜೆಲ್ ಕಾಯಿಸಿ ಅಚ್ಚಿಗೆ ಹೊಯ್ಯುತ್ತಿದ್ದಳು. ಆರು ಜನ ನಿರ್ದೇಶಕರನ್ನು ನೋಡಿದವಳು. ನಿವೃತ್ತಿಗೆ ಒಂದು ವರ್ಷವಿದೆ. ಯಾರಿಗೂ ಹೆದರುವ ಕಾರಣ ಅವಳಿಗೆ ಉಳಿದಿರಲಿಲ್ಲ, ಮೊದಲೂ ಇದ್ದಂತೆ ಕಾಣಲಿಲ್ಲ.

“ಎಲೆ ಅದಲುಬದಲಾಗಿರಬೇಕು ಅಕ್ಕ.”

“ಮೂರು ಸಲಾನೂ ಹೊಸ ಎಲೆ ತಂದಿದೀನಿ. ಆ ಮರ ಮುಟ್ಟಿ ಈ ಮರ ಮುಟ್ಟೋ ಮಧ್ಯೆ ಕೈ ತೊಳೆದಿದೀನಿ. ಸ್ನಾನ ಮಾಡೋದೊಂದು ಬಾಕಿ.”

“ಹಾಗಾದ್ರೆ ಹದಿನೇಳರ ಹಣ್ಣೇ ಅಲ್ಲಿ ಬಿದ್ದಿರತ್ತೆ. ಕಿತ್ತಳೆ ಜಾತಿಯಲ್ಲಿ ಬೀಜದ ಗಿಡಾನೂ ಎಷ್ಟೋ ಸಲ ತಾಯಿಯ ಪಡಿಯಚ್ಚಾಗಿ ಬರತ್ತಲ್ಲ.” ಈ ಯೋಚನೆ ಹೊಳೆದದ್ದಕ್ಕೆ ಅವನಿಗೆ ತನ್ನ ಬಗ್ಗೆಯೇ ಹೆಮ್ಮೆಯೆನಿಸಿತು. ವಿಜ್ಞಾನದಲ್ಲಿ ತಪ್ಪಿಸಿಕೊಳ್ಳಲು ಯಾವಾಗಲೂ ಒಂದು ಹಿಂಬಾಗಿಲಿರುತ್ತದೆ, ಓದಿಕೊಂಡಿರಬೇಕು.

ಜೆಲ್ಲಕ್ಕ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿದಳು. “ನಾನು ಕೆಲಸಕ್ಕೆ ಸೇರಿದ ವರ್ಷ ಪಂಪ್‌ಹೌಸ್ ಕಟ್ಟಿದ್ದು. ಆ ಮರ ಅಡ್ಡ ಬರತ್ತೆ ಅಂತ ಗೋಡೆನೇ ಓರೆ ಮಾಡಿ ಕಟ್ಟಿದಾರೆ, ಹೋಗಿ ನೋಡಿ. ಹದಿನೇಳು ನೆಟ್ಟಿದ್ದು ಅದಾದ ಐದು ವರ್ಷಕ್ಕೆ. ಮಗಳ ಹೊಟ್ಟೇಲಿ ತಾಯಿ ಹುಟ್ಟೋಕಾಗತ್ತಾ ಸಾರ್? ಇನ್ನೂ ಒಂದಿದೆ. ಅದರ ಜೋಡಿ ಪಟ್ಟಿಯಲ್ಲಿ ಒಂದು ಪಟ್ಟಿ ಎಲ್ಲಾ ಮಾರ್ಕರಲ್ಲೂ ಮಾರ್ಕೆಟ್ ಕಿತ್ತಳೆಗೆ ಸರಿಹೊಂದತ್ತೆ. ಯಾರೋ ಹಣ್ಣು ತಿಂದು ಬೀಜ ಉಗಿದಿದಾರೆ, ಹುಟ್ಟಿದೆ. ಕಾಡು ಅಲ್ಲ, ಏನೂ ಅಲ್ಲ.”

ಏನೂ ಅಲ್ಲದ ಆ ಮರದಿಂದ ಹುಟ್ಟಿದ ಹದಿನೇಳಕ್ಕೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಹೆಸರಿನ ಫಲಕ ಹಾಕುವುದಿತ್ತು. ಕೇಂದ್ರದ ಹಣ್ಣಿನ ತೋಟದಲ್ಲಿ ಕಾಡು ಕಿತ್ತಳೆಗಳ ಸಂಗ್ರಹವೆಂಬುದು ಶುರುವಾದದ್ದೇ ಅವನ ಮಾವನಿಂದ. ಆಗ ಅವರು ವಿಭಾಗದ ಮುಖ್ಯಸ್ಥರು, ಇವನು ಅವರ ಕೈಕೆಳಗೆ ಹೊಸದಾಗಿ ಸೇರಿದವನು. ತೋಟದ ಕಿತ್ತಳೆಗಳೆಲ್ಲ ಬೇರು ಕೊಳೆಯುವ ರೋಗಕ್ಕೆ ಸಾಲುಸಾಲಾಗಿ ಸಾಯುತ್ತಿದ್ದಾಗ ಕಾಡಿನ ಯಾವುದೋ ಕಣಿವೆಯಲ್ಲಿ ಮಾವ ಒಂದು ಮರ ಕಂಡಿದ್ದರು. ಸುತ್ತಲಿನದ್ದೆಲ್ಲ ಸತ್ತು ಅದೊಂದೇ ಹಸಿರಾಗಿ ನಿಂತಿತ್ತು. ಅದರ ಕಡ್ಡಿಯನ್ನು ಕಸಿ ಕಟ್ಟಿ ಬೆಳೆಸಿದ್ದು ಹದಿನೇಳನೆಯ ಮರ. ಅದರ ಮೇಲೆ ಮಾವ ಬರೆದ ಲೇಖನಗಳು, ಅದನ್ನು ನೋಡಲು ಬಂದ ನಿಯೋಗಗಳು, ಅದರ ಕಡ್ಡಿ ಬೀಜಗಳನ್ನು ತರಿಸಿಕೊಂಡ ದೂರದ ಕೇಂದ್ರಗಳು! ಈಗ ಎಪ್ಪತ್ತೊಂಬತ್ತಾದ ಮಾವ ಮನೆಯ ಮುಂದಿನ ಕೋಣೆಯಲ್ಲಿ ನಾಳೆಯ ಭಾಷಣವನ್ನು ಕನ್ನಡಿಗೆ ಒಪ್ಪಿಸುತ್ತಿದ್ದರು.

“ಆ ತೊಂಬತ್ತಾರನ್ನ ತೆಗೆದುಬಿಡೋಣ. ನಮ್ಮ ಪಟ್ಟಿಯಲ್ಲಿ ಇರಲಿಲ್ವಲ್ಲ” ಅಂದ, ಆದಷ್ಟು ಸಹಜವಾಗಿ.

“ತೆಗೀತೀನಿ. ಬರೆದು ಕೊಡಿ.”

“ಏನಂತ?”

“ತೆಗೀರಿ ಅಂತ. ಕೆಳಗೆ ಸಹಿ ಹಾಕಿ, ತಾರೀಖು ಹಾಕಿ.” ಜೆಲ್ಲಕ್ಕ ಅವನನ್ನೇ ನೋಡುತ್ತಿದ್ದಳು. ಕೋಪದಿಂದಲ್ಲ, ಜೆಲ್ ಗಟ್ಟಿಯಾಯಿತೋ ಇಲ್ಲವೋ ಎಂದು ಬೆರಳ ತುದಿಯಿಂದ ಮುಟ್ಟಿ ನೋಡುವಾಗ ಅವಳ ಕಣ್ಣಲ್ಲಿ ಇರುತ್ತಿದ್ದ ತಾಳ್ಮೆ. ಅವನು ಪೆನ್ನು ಹುಡುಕುವವನಂತೆ ಜೇಬು ತಡವಿ, ಪೆನ್ನು ಕೈಗೆ ಸಿಕ್ಕರೂ ಸಿಗದವನಂತೆ ಹೊರಗೆ ಬಂದ.

ಪಂಪ್‌ಹೌಸಿನ ಗೋಡೆ ನಿಜಕ್ಕೂ ಓರೆಯಾಗಿತ್ತು. ಒಳಗೆ ಮೋಟಾರು ಗುಂಯ್‌ಗುಡುತ್ತಿತ್ತು. ಹಿಂದುಗಡೆ ತೇವ, ಪಾಚಿ, ಒಡೆದ ಪೈಪು, ಮತ್ತು ಆ ಮರ. ಇಪ್ಪತ್ತೊಂದು ವರ್ಷಗಳ ಹಿಂದೆ ಇದೇ ಮರದ ಬುಡದಲ್ಲಿ ಅವನು ನಿಂತದ್ದು ವಿಜ್ಞಾನಕ್ಕಾಗಿ ಅಲ್ಲ, ಮೂತ್ರಕ್ಕಾಗಿ. ಅವನ ಜೀವನದ ದೊಡ್ಡ ತಿರುವುಗಳೆಲ್ಲ ಮೂತ್ರಕೋಶದಿಂದಲೇ ತೀರ್ಮಾನವಾದದ್ದು ಅವನಿಗೆ ಈಗ ಸ್ಪಷ್ಟವಾಗಿ ಕಂಡಿತು. ಅವತ್ತು ಕಣಿವೆಯಲ್ಲಿ ಕಡ್ಡಿ ಕತ್ತರಿಸಿ ಇಬ್ಬರೂ ಹತ್ತಿ ಬರುವಾಗ ಮಾವನ, ಅಂದರೆ ಆಗಿನ್ನೂ ಸಾರ್ ಆಗಿದ್ದವರ, ಕಾಲು ಉಳುಕಿ ಹಿಮ್ಮಡಿ ಕುಂಬಳಕಾಯಿಯಾಗಿತ್ತು. ಅವರನ್ನು ಸಣ್ಣ ಊರಿನ ದವಾಖಾನೆಯಲ್ಲಿ ಮಲಗಿಸಿದಾಗ ಅವರು ಒದ್ದೆ ಪೇಪರಿನಲ್ಲಿ ಸುತ್ತಿದ ಕಡ್ಡಿಗಳನ್ನು ಇವನ ಕೈಗಿಟ್ಟು, “ಮಗು ಅಂದ್ಕೊಂಡು ತಗೊಂಡು ಹೋಗು. ನಾನು ಸತ್ರೂ ಪರವಾಗಿಲ್ಲ, ಇದು ನಾಳೆ ಕಸಿ ಆಗ್ಬೇಕು” ಅಂದಿದ್ದರು. ಉಳುಕಿದ ಕಾಲಿಗೆ ಯಾರೂ ಸಾಯುವುದಿಲ್ಲವಾದರೂ ಅವರು ಹಾಗೆ ಹೇಳಿದಾಗ ಇವನ ಕಣ್ಣಲ್ಲಿ ನೀರು ಬಂದಿತ್ತು. ಬಸ್ಸಿನಲ್ಲಿ ಆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಗಂಟೆ ಕೂತ. ಪೇಪರು ತೊಟ್ಟಿಕ್ಕಿ ಪಕ್ಕದವನ ಪ್ಯಾಂಟಿನ ಮೇಲೆ ಕಲೆಯಾಯಿತು, ಆಗಬಾರದ ಜಾಗದಲ್ಲೇ ಆಯಿತು. “ಏನ್ರೀ ಇದು, ನೋಡಿದೋರು ಏನು ತಿಳ್ಕೋಬೇಕು?” ಎಂದು ಆತ ಬಸ್ಸಿಗೆಲ್ಲ ಕೇಳುವಂತೆ ಗದರಿದ. ಹಿಂದಿನ ಸೀಟಿನವರು ನಕ್ಕರು. ಅವಮಾನಕ್ಕೆ ಕಿವಿ ಬಿಸಿಯಾಗಿ ಇವನು ಕಟ್ಟನ್ನು ಎತ್ತಿ ಮೇಲಿನ ಸಾಮಾನಿನ ಹಲಗೆಯ ಮೇಲಿಟ್ಟ. ಮುಂದಿನ ನಿಲ್ದಾಣದಲ್ಲಿ ಇಳಿದ; ಮೂತ್ರಾಲಯದ ಮುಂದೆ ಸಾಲಿತ್ತು. ಹೊರಗೆ ಬಂದಾಗ ಬಸ್ಸು ಗೇಟು ದಾಟುತ್ತಿತ್ತು. ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತಲೇ ಇನ್ನೂರು ಹೆಜ್ಜೆ ಓಡಿದ. ಸಂಜೆ ಡಿಪೋದಲ್ಲಿ ಬಸ್ಸು ತೊಳೆಯುವವನು, “ಕಡ್ಡಿಗಳಾ? ಸೌದೆ ಅಂತ ಯಾರೋ ತಗೊಂಡು ಹೋಗಿರ್ಬೇಕು, ಚಳಿಗಾಲ ಅಲ್ವಾ” ಅಂದ.

ಆಮೇಲೆ ಕೇಂದ್ರಕ್ಕೆ ನಡೆದು ಬಂದು, ತಡೆಯಲಾರದೆ ಪಂಪ್‌ಹೌಸಿನ ಹಿಂದೆ ನಿಂತಾಗ ಎದುರಿಗೆ ಈ ಮರವಿತ್ತು. ಉದ್ದುದ್ದ ಮುಳ್ಳು, ಗಂಟುಗಂಟು ಕೊಂಬೆ, ಯಾರೂ ಲೆಕ್ಕಕ್ಕಿಡದ ಮುಖ. ಕೈಯಲ್ಲಿನ ಕೆಲಸ ಮುಗಿಯುವುದರೊಳಗೆ ಯೋಚನೆ ಬಂದಿತ್ತು. ಏಳು ಕಡ್ಡಿ ಕತ್ತರಿಸಿದ. ಇದು ಒಂದು ತಿಂಗಳ ಮಟ್ಟಿಗೆ, ಸಾರ್‌ಗೆ ಕಾಲು ಸರಿಯಾಗುವುದರೊಳಗೆ ತಾನೊಬ್ಬನೇ ಕಣಿವೆಗೆ ಹೋಗಿ ಅಸಲಿ ಕಡ್ಡಿ ತಂದು ಬದಲಾಯಿಸಿಬಿಡುತ್ತೇನೆ ಎಂದು ಆಣೆ ಮಾಡಿಕೊಂಡ. ಆ ತಿಂಗಳಲ್ಲೇ ಸಾರ್ ಊರುಗೋಲು ಹಿಡಿದು ಕಸಿ ನೋಡಲು ಬಂದರು, ಜೊತೆಗೆ ಮಗಳು. ಹಲ್ಲಿನ ವೈದ್ಯಕೀಯ ಓದುತ್ತಿದ್ದವಳು. ಚಿಗುರಿದ ಕಸಿಯನ್ನು ನೋಡಿ, ಇವನನ್ನು ನೋಡಿ, “ಇದನ್ನ ಎದೆಗವಚಿಕೊಂಡು ತಂದೋರು ನೀವೇನಾ?” ಎಂದು ಕೇಳಿದಳು. ಅಷ್ಟು ಚಂದದ ಹಲ್ಲುಗಳ ನಡುವಿನಿಂದ ಬಂದ ಮಾತಿಗೆ ಅಲ್ಲ ಅನ್ನುವ ಗಂಡಸು ಎಲ್ಲಾದರೂ ಇದ್ದರೆ ಅವನ ಪಾದ ತೊಳೆಯಬೇಕು. ಇವನು ಹೌದು ಅಂದ. ಮರುವರ್ಷ ಮದುವೆಯಾಯಿತು. ಒಂದು ತಿಂಗಳು ಹತ್ತು ವರ್ಷವಾಯಿತು.

ಇಷ್ಟೇ ಆಗಿದ್ದರೆ ಒಬ್ಬ ಮುದುಕನ ಜಂಬ, ಒಂದು ತಗಡಿನ ಫಲಕ, ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ದೂರದ ದೇಶದ ಕೇಂದ್ರವೊಂದರಲ್ಲಿ ಒಬ್ಬಾಕೆ ಇದ್ದಳು. ಅವನು ಎಂದೂ ಮುಖ ನೋಡದವಳು. ಬೇರು ಕೊಳೆಯದ ಕಿತ್ತಳೆ ಬೆಳೆಸಬೇಕೆಂದು ಆರು ವರ್ಷಗಳಿಂದ ಹದಿನೇಳನ್ನು ತನ್ನ ತಳಿಗಳ ಜೊತೆ ಕೂಡಿಸಿ ಸಸಿ ಮಾಡುತ್ತಿದ್ದಳು. ಸಸಿಗಳೆಲ್ಲ ಬೇರು ಕೊಳೆತು ಸಾಯುತ್ತಿದ್ದವು. ಇಲ್ಲಿಯ ಹದಿನೇಳು ನೆಮ್ಮದಿಯಾಗಿತ್ತು, ಯಾಕೆಂದರೆ ಕಸಿ ಕಟ್ಟಿದ್ದು ಬೇರೊಂದು ಗಟ್ಟಿ ಬೇರಿನ ಮೇಲೆ. ಅದರ ಸ್ವಂತ ಬೇರಿನ ಯೋಗ್ಯತೆಯನ್ನು ಯಾರೂ ನೋಡಿರಲಿಲ್ಲ. “ನನ್ನಿಂದ ಏನಾದರೂ ತಪ್ಪಾಗುತ್ತಿದೆಯೇ?” ಎಂದು ಆಕೆ ಮೊದಲ ಸಲ ಮೇಲ್ ಬರೆದಾಗ ಅವನು, “ನೀರು ಹೆಚ್ಚಾಗಿರಬೇಕು” ಎಂದು ಉತ್ತರಿಸಿದ್ದ. ಎರಡನೆಯ ಸಲ, “ನೀರನ್ನು ಇನ್ನೊಮ್ಮೆ ಗಮನಿಸಿ.” ಹೋದ ವಾರ ಮೂರನೆಯದು ಬಂದಿತ್ತು. ಕೆಲಸದವರನ್ನು ನಂಬದೆ, ಎರಡು ವರ್ಷದಿಂದ ತಾನೇ ಅಳತೆಯ ಲೋಟ ಹಿಡಿದು ಪ್ರತಿ ಕುಂಡಕ್ಕೂ ನೀರು ಹಾಕಿದೆ, ನಾನೂರ ಹನ್ನೆರಡು ಸಸಿಗಳೂ ಸತ್ತವು ಎಂದು ಬರೆದಿದ್ದಳು: “ನಿಮ್ಮ ಅಮೂಲ್ಯ ಮರಕ್ಕೆ ನನ್ನಿಂದ ನ್ಯಾಯ ಒದಗಿಸಲಾಗಲಿಲ್ಲ, ದಯವಿಟ್ಟು ಕ್ಷಮಿಸಿ.” ಜೊತೆಗೊಂದು ಫೋಟೋ: ಸಾಲಾಗಿ ಇಟ್ಟ ಸತ್ತ ಸಸಿಗಳು, ಅಂಚಿನಲ್ಲಿ ಆಕೆಯ ರಬ್ಬರ್ ಬೂಟಿನ ತುದಿ. ಆ ಬೂಟಿನ ತುದಿ ಒಂದು ವಾರದಿಂದ ಅವನ ಜೊತೆ ಊಟಕ್ಕೆ ಕೂರುತ್ತಿತ್ತು, ಹಲ್ಲುಜ್ಜುವಾಗ ಕನ್ನಡಿಯಲ್ಲಿ ಬರುತ್ತಿತ್ತು. ಅದು ಸ್ವಚ್ಛವಾಗಿತ್ತು. ಪ್ರತಿ ದಿನ ತೊಳೆದಿಡುವವರ ಬೂಟು.

ಮಧ್ಯಾಹ್ನ ಮನೆಗೆ ಹೋದಾಗ ಮಾವ ಊಟದ ಮೇಜಿಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡೇ ಕೂತಿದ್ದರು; ನಾಳೆಗೆ ಅಭ್ಯಾಸವಾಗಲೆಂದು. ಹೆಂಡತಿ ಕೆಳಗಿನ ಮಹಡಿಯ ತನ್ನ ಕ್ಲಿನಿಕ್ಕಿನಿಂದ ಹತ್ತು ನಿಮಿಷಕ್ಕೆಂದು ಮೇಲೆ ಬಂದಿದ್ದಳು. ಕೈಯಿಂದ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು.

“ಅಳಿಯದೇವ್ರೇ, ಭಾಷಣದಲ್ಲಿ ನಿನ್ನ ಹೆಸರು ಎರಡು ಕಡೆ ತಂದಿದೀನಿ” ಅಂದರು ಮಾವ. “ಮೊದಲು ಮೂರು ಕಡೆ ಇತ್ತು. ಜಾಸ್ತಿ ಆಯ್ತು ಅನ್ನಿಸ್ತು.”

“ಸಾರ್” ಅಂದ ಅವನು. ಮದುವೆಯಾದ ಮೇಲೆ ಮನೆಯಲ್ಲಿ ಆ ಪದ ಅವನ ಬಾಯಲ್ಲಿ ಬಂದಿರಲಿಲ್ಲ. ಹೆಂಡತಿ ತಲೆಯೆತ್ತಿದಳು. “ಹದಿನೇಳು ನಿಮ್ಮ ಮರ ಅಲ್ಲ ಸಾರ್. ನಿಮ್ಮ ಕಡ್ಡಿಗಳನ್ನ ನಾನು ಬಸ್ಸಲ್ಲಿ ಕಳೆದೆ. ಪಂಪ್‌ಹೌಸಿನ ಹಿಂದಿನ ಮರದ ಕಡ್ಡಿ ಕತ್ತರಿಸಿ ನಿಮಗೆ ಕೊಟ್ಟೆ.”

ಎಷ್ಟು ಚಿಕ್ಕದಾಗಿತ್ತು! ಇಪ್ಪತ್ತೊಂದು ವರ್ಷ ಹೊತ್ತದ್ದು ಮೂರು ವಾಕ್ಯ. ಇದಕ್ಕಿಂತ ಉದ್ದವಾಗಿ ಅವನು ರಜಾ ಅರ್ಜಿಗಳನ್ನು ಬರೆದಿದ್ದ.

ಮಾವ ಕಿವಿಯ ಯಂತ್ರವನ್ನು ತಿರುಪಿ ಸರಿ ಮಾಡಿಕೊಂಡರು. “ಇನ್ನೊಂದ್ಸಲ ಹೇಳು.”

ಅವನು ಇನ್ನೊಮ್ಮೆ ಹೇಳಿದ. ಬಸ್ಸು, ಒದ್ದೆ ಪೇಪರು, ಪಕ್ಕದವನ ಪ್ಯಾಂಟು, ಡಿಪೋ, ಇವತ್ತಿನ ಇಪ್ಪತ್ತನಾಲ್ಕು ಮಾರ್ಕರು, ಆ ದೂರದ ಹೆಂಗಸು. ಹೇಳುತ್ತ ಹೋದ ಹಾಗೆ ಕೇಳುವವರ ಮುಖಕ್ಕಿಂತ ತನ್ನ ದನಿಯೇ ಅವನಿಗೆ ವಿಚಿತ್ರವಾಗಿ ಕೇಳಿಸಿತು. ಅದರಲ್ಲಿ ಸಂಕಟದ ಜೊತೆಗೆ ಕತೆ ಹೇಳುವವನ ಸಣ್ಣದೊಂದು ಖುಷಿಯೂ ಇತ್ತು. ಪ್ಯಾಂಟಿನ ಪ್ರಸಂಗಕ್ಕೆ ನಗು ಬರಬಹುದೆಂದು ಒಂದು ಕ್ಷಣ ತಡೆದು ಬೇರೆ ನಿಂತ. ಛೀ ಅನ್ನಿಸಿತು.

“ಪಂಪ್‌ಹೌಸ್ ಹಿಂದೆ?” ಮಾವನ ದನಿ ಒಡೆಯಿತು. “ಅಲ್ಲಿ ಇಡೀ ಕೇಂದ್ರ ಉಚ್ಚೆ ಹೊಯ್ತಿತ್ತಲ್ಲೋ! ನಾನೂ ಹೊಯ್ದಿದೀನಿ!”

ಹೆಂಡತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಅಂದ್ರೆ ಎದೆಗವಚಿಕೊಂಡು ತಂದಿರಲಿಲ್ಲ” ಅಂದಳು, ಯಾರಿಗೂ ಅಲ್ಲದ ಹಾಗೆ. ಗಡಿಯಾರ ನೋಡಿದಳು. “ಕೆಳಗೆ ಒಬ್ಬರ ಬಾಯಿಗೆ ಇಂಜೆಕ್ಷನ್ ಕೊಟ್ಟು ಬಂದಿದೀನಿ. ಮರಗಟ್ಟಿರತ್ತೆ ಈಗ.” ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂತು. ಎಂದಿಗಿಂತ ಜೋರಾಗಿ ಕೊರೆಯುತ್ತಿದ್ದಾಳೆ ಅನ್ನಿಸಿತು ಅವನಿಗೆ. ಆ ರೋಗಿಯ ಬಗ್ಗೆ ಕನಿಕರವಾಯಿತು.

ಮಾವ ಕೋಟಿನ ಗುಂಡಿ ಹಾಕಿಕೊಂಡು ಎದ್ದಿದ್ದರು. ಮುಖ ಕೆಂಪಾಗಿದ್ದರೂ ಅದರಲ್ಲಿ ಹೊಸದೊಂದು ಚುರುಕು. “ಸರಿ. ಆಯ್ತು. ನೀನು ಕತ್ತೆ ಅನ್ನೋದು ನನಗೆ ಹೊಸ ವಿಷಯ ಏನಲ್ಲ. ಕಾರು ತೆಗಿ. ಈಗ್ಲೇ ಹೋಗೋಣ. ಕಣಿವೆ ದಾರಿ ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಮರ ಎಲ್ಲಿಗೂ ಓಡಿಹೋಗಿರಲ್ಲ, ಕಡ್ಡಿ ತರೋಣ, ಆ ಹೆಂಗಸಿಗೂ ಕಳಿಸೋಣ.”

ಇದೊಂದು ಉಳಿದಿತ್ತು. ಬೆಳಗಿನಿಂದ ಅವನು ತನಗೇ ಹೇಳಿಕೊಳ್ಳದೆ ಬಿಟ್ಟದ್ದು.

“ನಾನು ಹೋಗಿದ್ದೆ ಸಾರ್. ಹನ್ನೊಂದು ವರ್ಷದ ಹಿಂದೆ. ಕಣಿವೆ ಇಲ್ಲ. ಕಲ್ಲುಗಣಿ ಆಗಿದೆ. ಕೆಳಗಿನ ತನಕ ಬಿಳೀ ಗುಂಡಿ. ಒಂದು ಹುಲ್ಲೂ ಇಲ್ಲ.”

ಮಾವ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವರ ಬಾಯಿ ಏನೋ ಅಗಿಯುವಂತೆ ಎರಡು ಸಲ ಆಡಿತು. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಅವನು ಬಾಗಿಲ ಹೊರಗೆ ನಿಂತ. ಇಪ್ಪತ್ತು ನಿಮಿಷ, ನಲವತ್ತು. ನಿಜವಾದ ತಪ್ಪು ಕಡ್ಡಿ ಕಳೆದದ್ದಲ್ಲ, ಸುಳ್ಳು ಹೇಳಿದ್ದೂ ಅಲ್ಲ, ಆ ಹತ್ತು ವರ್ಷ ಸುಮ್ಮನಿದ್ದದ್ದು ಎಂದುಕೊಂಡ. ಆ ಹತ್ತು ವರ್ಷವೂ ಮರ ಅಲ್ಲೇ ನಿಂತಿತ್ತು. ಬಸ್ಸು ಹತ್ತಿದ್ದರೆ ಸಾಕಿತ್ತು. ಪ್ರತಿ ಬೇಸಗೆಯಲ್ಲೂ ಹೋಗಬೇಕೆಂದುಕೊಂಡು, ಮಗುವಿಗೆ ಜ್ವರ, ಮೀಟಿಂಗು, ಕಾರಿನ ಟೈರು ಎಂದು ಕಾರಣ ಹುಡುಕುವಾಗ ಅದು ಬೇರು ಗಟ್ಟಿಯಾಗಿ ಊರಿಕೊಂಡು ನಿಂತಿತ್ತು, ಯಾರೋ ಬಂದು ಸಿಡಿಮದ್ದು ಇಡುವ ತನಕ. ಅವನಿಗೆ ಅಳು ಬರುತ್ತದೆಂದು ಅನಿಸಿತು, ಬಂದದ್ದು ಬಿಕ್ಕಳಿಕೆ. ಒಳಗೆ ನಲ್ಲಿಯ ಸದ್ದೂ ನಿಂತಿದೆಯಲ್ಲ, ಮುದುಕ ಎಲ್ಲಿ ಒಳಗೇ ಹೋಗಿಬಿಟ್ಟನೋ ಎಂಬ ದಿಗಿಲು ಹುಟ್ಟಿ ಬಾಗಿಲು ಒಡೆಯಬೇಕೇ ಎಂದು ಭುಜ ಆನಿಸಿ ನೋಡುವಷ್ಟರಲ್ಲಿ ಫ್ಲಶ್ ಮಾಡಿದ ಸದ್ದಾಯಿತು. ಜೀವಮಾನದಲ್ಲಿ ಯಾವ ಸಂಗೀತವೂ ಅವನಿಗೆ ಅಷ್ಟು ಹಿತವಾಗಿ ಕೇಳಿರಲಿಲ್ಲ.

ಮಾವ ಹೊರಬಂದರು. ಮುಖ ತೊಳೆದಿದ್ದರು, ಕೋಟಿನ ತೋಳು ಒದ್ದೆಯಾಗಿತ್ತು. “ನಾಲ್ಕು ಗಂಟೆ ಬಸ್ಸಲ್ಲಿ ಕೂತಿದ್ಯಲ್ಲ, ಕಡ್ಡಿಗಳ ವಾಸನೆ ಹೇಗಿತ್ತು?”

ಅವನು ನೆನಪಿಸಿಕೊಳ್ಳಲು ಹೆಣಗಿದ. ಒದ್ದೆ ಪೇಪರಿನ ವಾಸನೆ ನೆನಪಿತ್ತು, ಡೀಸೆಲ್ಲಿನದು, ಪಕ್ಕದವನ ತಲೆಯ ಎಣ್ಣೆಯದು. ಯಾವುದಾದರೂ ಕಾಡುಕಿತ್ತಳೆಯ ವಾಸನೆಯನ್ನು ಹೇಳಿಬಿಡಬಹುದಿತ್ತು. ಹತ್ತು ಬಗೆಯವು ಅವನಿಗೆ ಬಾಯಿಪಾಠ.

“ನೆನಪಿಲ್ಲ” ಅಂದ.

“ಮೆಣಸಿನ ವಾಸನೆ ಇತ್ತು. ಮುರಿದಾಗ ಮೊದಲು ಏನೂ ಇರ್ತಿರಲಿಲ್ಲ, ಎರಡು ನಿಮಿಷ ಬಿಟ್ಟು ಬರ್ತಿತ್ತು, ನಾಚಿಕೊಂಡು. ನೀನು ತಂದು ಕೊಟ್ಟದ್ದರಲ್ಲಿ ಅದಿರಲಿಲ್ಲ. ಪ್ರಯಾಣದಲ್ಲಿ ಹೋಗಿರ್ಬೇಕು ಅಂದ್ಕೊಂಡೆ. ನನಗೆ ಬೇಕಾದ ಹಾಗೆ ಅಂದ್ಕೊಂಡೆ.” ಅವರು ಕುಸಿದ ಹಾಗೆ ಕೂತರು. “ಲ್ಯಾಪ್‌ಟಾಪ್ ತಗೊಂಡು ಬಾ. ಬರಿ.”

ಬರೆದರು. ಹದಿನೇಳರ ಲೇಖನಗಳು ಬಂದಿದ್ದ ಪತ್ರಿಕೆಗೆ ಒಂದು ತಿದ್ದುಪಡಿ, ಆ ದೂರದ ಹೆಂಗಸಿಗೆ ಅದರದೇ ಪ್ರತಿ. ಅವನು “ನನ್ನ ತಪ್ಪಿನಿಂದಾಗಿ” ಎಂದು ಟೈಪು ಮಾಡಿದರೆ ಮಾವ “ನಮ್ಮ” ಎಂದು ತಿದ್ದಿದರು. ಅವನು ತೋಳಿನಿಂದ ಕಣ್ಣೊರೆಸಿಕೊಂಡ. “ಕಣ್ಣಲ್ಲಿ ನೀರು ತರಬೇಡ, ಇದು ದೊಡ್ಡಸ್ತಿಕೆ ಅಲ್ಲ. ನನ್ನ ಮೂಗು ಹೇಳಿದ್ದನ್ನ ನಾನು ಕೇಳಲಿಲ್ಲ, ಅದು ನನ್ನ ತಪ್ಪು. ನಿನ್ನದನ್ನ ನಾನು ಕ್ಷಮಿಸಿಲ್ಲ. ನಾಳೆ ನೋಡೋಣ. ಕೆಳಗೆ ಹೆಸರು ಹಾಕು.”

ಅವನು ತನ್ನ ಹೆಸರನ್ನು ಮೊದಲು ಹಾಕಿದ.

“ಏಯ್, ಏನದು?”

“ತಪ್ಪು ಮಾಡಿದೋನು ನಾನಲ್ವಾ ಮಾವ, ಅದಕ್ಕೆ.”

“ಹದಿನೇಳರ ಮೇಲೆ ಬಂದದ್ದರಲ್ಲೆಲ್ಲ ಮೊದಲ ಹೆಸರು ನಂದು. ಇದರಲ್ಲೂ ನಂದೇ. ಕೆಳಗೆ ಹೋಗು.” ಅವನು ಕೆಳಗೆ ಹೋದ. ಮಾವ ಕನ್ನಡಕ ಏರಿಸಿ ಓದಿ ನೋಡಿದರು, ಅಲ್ಪವಿರಾಮಗಳನ್ನು ಬದಲಿಸಿದರು, ತಮ್ಮ ಪದವಿಗಳನ್ನು ಸೇರಿಸಿದರು. ಆಮೇಲೆ, “ಕೊನೆಗೆ ಒಂದು ವಾಕ್ಯ ಸೇರಿಸು. ಮರ ಇತ್ತು ಅಂತ” ಅಂದರು.

“ಆಧಾರ ಕೇಳ್ತಾರೆ ಮಾವ. ಎಲೆ ಇಲ್ಲ, ಫೋಟೋ ಇಲ್ಲ.”

“ನಾನು ನೋಡಿದೀನಿ, ನೀನು ನೋಡಿದೀಯ. ಇಬ್ಬರು ಸಾಕ್ಷಿ. ಅದರಲ್ಲಿ ಒಬ್ಬ ಸುಳ್ಳ, ಏನು ಮಾಡೋದು, ಇರೋದು ಅಷ್ಟೆ. ಬರಿ.”

ಬರೆದ: ಮರ ಇತ್ತು. ನಾವಿಬ್ಬರೂ ನೋಡಿದ್ದೇವೆ.

ಸಂಜೆ ಹೆಂಡತಿ ಮೇಲೆ ಬಂದು, ಕೈ ತೊಳೆದು, ಅವನ ಎದುರು ಕೂತಳು. “ಹಲ್ಲು ನೋಯ್ತಾ ಇದ್ರೂ ವರ್ಷಗಟ್ಟಲೆ ಹೇಳದೆ ಇರೋ ರೋಗಿಗಳು ನನಗೆ ಬೇಕಾದಷ್ಟು ಜನ ಗೊತ್ತು” ಅಂದಳು. “ಅವರು ಬಂದಾಗ ನನಗೆ ಮರುಕ ಬರಲ್ಲ ರೀ, ಅವರ ಬಾಯಿವಾಸನೆ ಬರತ್ತೆ, ಅಷ್ಟೆ. ಒಂದು ವಾರ ನನ್ನ ಹತ್ರ ಮಾತಾಡಬೇಡಿ.” ಅವನು ಲೆಕ್ಕ ಹಾಕಿ ಎಂಟು ದಿನ ಮಾತಾಡಲಿಲ್ಲ. ಎಂಟನೆಯ ದಿನ ಅವಳೇ, “ನಿಜಕ್ಕೂ ಪ್ಯಾಂಟಿನ ಗುಂಡಿ ಹಾಕಿಕೊಳ್ತಾ ಓಡಿದ್ರಾ?” ಎಂದು ಕೇಳಿ, ಅವನು ಹೌದು ಅನ್ನುವ ಮೊದಲೇ ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. ನಗು ಮುಗಿದ ಮೇಲೆ ಆ ಕಡೆ ತಿರುಗಿ ಮಲಗಿದಳು.

ಫಲಕದ ಕಾರ್ಯಕ್ರಮವನ್ನು ನಿರ್ದೇಶಕರು “ಅನಿವಾರ್ಯ ಕಾರಣ”ಗಳಿಂದ ಮುಂದೂಡಿದರು; ಅವನನ್ನು ಸಂಗ್ರಹದ ಹೊಣೆಯಿಂದ ತೆಗೆದು ಬೀಜದ ಉಗ್ರಾಣಕ್ಕೆ ಹಾಕಿದರು. ಜೆಲ್ಲಕ್ಕ ಅವನ ಹಳೆಯ ಮೇಜನ್ನು ಮರುದಿನವೇ ತನ್ನ ಮೂಲೆಗೆ ಎಳೆಸಿಕೊಂಡಳು. ದೂರದ ಹೆಂಗಸಿನ ಉತ್ತರ ಹದಿನೈದು ದಿನ ಬಿಟ್ಟು ಬಂತು. ಒಂದೇ ಸಾಲು: “ಹಾಗಾದರೆ ನಾನು ನೀರನ್ನು ಸರಿಯಾಗಿಯೇ ಹಾಕುತ್ತಿದ್ದೆ.” ಅವನು ಅದನ್ನು ಎಷ್ಟು ಸಲ ಓದಿದನೆಂದರೆ ಕೊನೆಗೆ ಅದು ಕೋಪದ ಮಾತೋ ಸಮಾಧಾನದ ಮಾತೋ ತಿಳಿಯದಾಯಿತು. ಎರಡೂ ಇರಬೇಕು. ಮರುಉತ್ತರ ಬರೆಯುವ ಧೈರ್ಯವಾಗಲಿಲ್ಲ.

ಪತ್ರಿಕೆಯ ಸಂಚಿಕೆ ಬರಲು ನಾಲ್ಕು ತಿಂಗಳು ಹಿಡಿಯಿತು. ಮಾವ ಕೋಟು ಹಾಕಿಕೊಂಡು, ಅವನ ತೋಳು ಹಿಡಿದು ಕೇಂದ್ರದ ಗ್ರಂಥಾಲಯಕ್ಕೆ ಬಂದರು. ಹಿಂದಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಹನ್ನೊಂದು ಸಾಲಿನ ತಿದ್ದುಪಡಿ. ಮೊದಲ ಹೆಸರು ಮಾವನದೇ. ಕೊನೆಯ ಎರಡು ವಾಕ್ಯಗಳನ್ನು ಸಂಪಾದಕರು, ಆಧಾರವಿಲ್ಲವೆಂದು ತೆಗೆದಿದ್ದರು. ಮಾವ ಬೆರಳಿಟ್ಟು ಎರಡು ಸಲ ಓದಿದರು. ಪುಟ ತಿರುಗಿಸಿ, ಆಚೆ ಎಲ್ಲಾದರೂ ಬಿದ್ದಿದೆಯೇನೋ ಎಂಬಂತೆ ನೋಡಿದರು. ಆಮೇಲೆ ಅಳಿಯನ ಜೇಬಿಗೆ ಕೈ ಹಾಕಿ ಪೆನ್ನು ತೆಗೆದುಕೊಂಡು, ಹನ್ನೊಂದನೆಯ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಬರೆಯಲು ಶುರುಮಾಡಿದರು.

“ಸಾರ್! ಸಾರ್! ಅದರ ಮೇಲೆ ಬರೀಬಾರ್ದು ಸಾರ್!” ಎಂದು ಗ್ರಂಥಪಾಲಕ ಕುರ್ಚಿಯಿಂದ ಎದ್ದ. ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ಹೋಗಿ ಗ್ರಂಥಪಾಲಕನ ದಾರಿಗೆ ಅಡ್ಡ ನಿಂತ. ತನ್ನ ಹೊಟ್ಟೆ ಮೊದಲ ಸಲ ಉಪಯೋಗಕ್ಕೆ ಬಂತು ಅನ್ನಿಸಿತು. ಹಿಂದೆ ಪೆನ್ನು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಉರುಟಾಗಿ ತಿದ್ದುತ್ತ ಸಾಗುವ ಸದ್ದು. ಅದು ನಿಂತಾಗ ಅವನು ತಿರುಗಿ ನೋಡಿದ. ಮಾವ ಪುಟದ ಮೇಲೆ ಬಗ್ಗಿ, ಕೆನ್ನೆ ಉಬ್ಬಿಸಿ, ಶಾಯಿ ಆರಲೆಂದು ಉಫ್ ಉಫ್ ಎಂದು ಊದುತ್ತಿದ್ದರು.